ಆರ್‌ಎಕ್ಸ್-7 ಎಂಜಿನ್ ಬಿಚ್ಚಿಟ್ಟಿದ್ದೇನೆ, ಹೊಸ ಭಾಗ ಎಲ್ಲಿಂದ ತರಿಸಲಿ?

ಪ್ರಶ್ನೆ: ನಮ್ಮೂರು ತುಮಕೂರು, ಈಗಿರುವುದು ಮೆಲ್ಬರ್ನ್‌ನಲ್ಲಿ. ಹೋದ ವರ್ಷ ಜಪಾನಿನಿಂದ ಬಂದ 1989ರ ಮಾಜ್ದಾ ಆರ್‌ಎಕ್ಸ್-7 ಕೊಂಡೆ. ಎಫ್‌ಸಿ ಮಾಡೆಲ್, 13ಬಿ ಟರ್ಬೊ ರೋಟರಿ ಎಂಜಿನ್. ಬಿಸಿಯಾದ ಮೇಲೆ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುತ್ತಿರಲಿಲ್ಲ. ಬೆಳಿಗ್ಗೆ ಬಿಳಿ ಹೊಗೆ, ರೇಡಿಯೇಟರ್ ನೀರೂ ಕಡಿಮೆಯಾಗುತ್ತಿತ್ತು. ಮನೆಯ ಗ್ಯಾರೇಜಿನಲ್ಲೇ ಎಂಜಿನ್ ಇಳಿಸಿ ಬಿಚ್ಚಿದ್ದೇನೆ. ಆನ್‌ಲೈನ್‌ನಲ್ಲಿ 'ಪೂರ್ತಿ ರೀಬಿಲ್ಡ್ ಕಿಟ್' ಸಿಗುತ್ತದೆ. ಅದನ್ನೇ ತರಿಸಿ ಜೋಡಿಸಿಬಿಡಲಾ? ಯಾವುದನ್ನು ಹೊಸದೇ ಹಾಕಬೇಕು? ಮಾಜ್ದಾ ಕಂಪನಿಯ ಸೀಲ್ ಒಳ್ಳೆಯದಾ, ಹೊರಗಿನ ಸ್ಟೀಲ್ ಸೀಲ್ ಒಳ್ಳೆಯದಾ? ನಮ್ಮ ಭಾವನ ಮೆಷಿನ್ ಶಾಪ್ ಪೀಣ್ಯದಲ್ಲಿದೆ. ಕೆಲವು ಭಾಗ ಅಲ್ಲೇ ಮಾಡಿಸಬಹುದಾ ಸರ್?

ಉತ್ತರ: ಕಿಟ್‌ಗೆ ಇನ್ನೂ ದುಡ್ಡು ಕಟ್ಟಿಲ್ಲ ಎಂದು ನಿಮ್ಮ ಪತ್ರದಿಂದ ಅನ್ನಿಸುತ್ತದೆ. ಒಳ್ಳೆಯದಾಯಿತು. ಇನ್ನೊಂದು ವಾರ ಕಟ್ಟಬೇಡಿ. ಆ ವಾರದಲ್ಲಿ ಬೆಂಚಿನ ಮೇಲಿರುವ ಒಂದೊಂದು ಭಾಗವನ್ನೂ ತೊಳೆದು, ಅಳೆದು, ಪುಸ್ತಕದಲ್ಲಿ ಬರೆದಿಡಿ. ಏನು ತರಿಸಬೇಕು, ಎಲ್ಲಿಂದ ತರಿಸಬೇಕು ಅನ್ನುವುದೆಲ್ಲ ಆ ಪುಸ್ತಕ ನೋಡಿದ ಮೇಲೆ ತೀರ್ಮಾನ ಆಗಬೇಕು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಪಿಸ್ಟನ್ ಎಂಜಿನ್ನಿನಲ್ಲಿ ಸಿಲಿಂಡರ್ ಸವೆದರೆ ಬೋರ್ ಮಾಡಿಸುತ್ತೇವೆ, ಒಂದು ಸೈಜ್ ದೊಡ್ಡ ಪಿಸ್ಟನ್ ಹಾಕುತ್ತೇವೆ. ಸಣ್ಣ ಊರಿನ ಲೇತ್ ಅಂಗಡಿಗೂ ಆ ಕೆಲಸ ಗೊತ್ತು. ರೋಟರಿಯಲ್ಲಿ ಆ ದಾರಿಯೇ ಇಲ್ಲ. ಇಲ್ಲಿ ಪಿಸ್ಟನ್ ಬದಲು ಮೂರು ಮೂಲೆಯ ರೋಟರ್ ತಿರುಗುತ್ತದೆ, ಅದರ ಮೂಲೆ ಮತ್ತು ಬದಿಗಳಲ್ಲಿ ಕೂರುವ ಸೀಲುಗಳು ಒತ್ತಡ ಸೋರದಂತೆ ತಡೆಯುತ್ತವೆ. ರೋಟರ್ ಸುತ್ತುವ ಹೌಸಿಂಗ್ ಅಲ್ಯೂಮಿನಿಯಮ್‌ನದು. ಅದರ ಒಳಮೈಗೆ ತೆಳು ಉಕ್ಕಿನ ತಗಡು, ತಗಡಿನ ಮೇಲೆ ಗಟ್ಟಿ ಕ್ರೋಮ್ ಲೇಪ. ಸೀಲ್ ಉಜ್ಜಿಕೊಂಡು ಓಡುವುದು ಆ ಕ್ರೋಮ್ ಮೇಲೆ. ಕ್ರೋಮ್ ಎದ್ದು ಹೋಯಿತು ಅಂದರೆ ಬೋರ್ ಮಾಡಿ ಸರಿಪಡಿಸಲು ಆಗುವುದಿಲ್ಲ. ಒಳಗಿನ ಗೆರೆ ದುಂಡಗಿಲ್ಲ, ನಡುವೆ ಸೊಂಟ ಹಿಡಿದ ಆಕಾರ. ಅದಕ್ಕೆ ದೊಡ್ಡ ಸೈಜಿನ ರೋಟರ್ ಅಂತಲೂ ಇಲ್ಲ.

ನಾನು ಮೊದಲ ಸಲ 13ಬಿ ಕಟ್ಟಿದಾಗ ಮಾಡಿದ್ದು ನೀವು ಈಗ ಯೋಚಿಸುತ್ತಿರುವುದನ್ನೇ. ಸೀಲ್, ಸ್ಪ್ರಿಂಗ್, ಗ್ಯಾಸ್ಕೆಟ್ ಎಲ್ಲ ಇರುವ ಪೆಟ್ಟಿಗೆ ತರಿಸಿದೆ. ಹಳೆ ಹೌಸಿಂಗ್ ಒಂದು ಬದಿಯಲ್ಲಿ ಕ್ರೋಮ್ ಅಂಚು ಚೂರು ಎದ್ದಿತ್ತು. ಕಣ್ಣಿಗೆ ಸಣ್ಣದಾಗಿ ಕಂಡಿತು, ನಡೆಯುತ್ತದೆ ಅಂದುಕೊಂಡೆ. ಎಂಜಿನ್ ಸ್ಟಾರ್ಟ್ ಆಯಿತು, ಚೆನ್ನಾಗಿಯೇ ಓಡಿತು. ಆರು ತಿಂಗಳಲ್ಲಿ ಕಂಪ್ರೆಷನ್ ಬಿದ್ದುಹೋಯಿತು. ಬಿಚ್ಚಿ ನೋಡಿದರೆ ಹೊಸ ಸೀಲಿನ ತುದಿ ಆ ಅಂಚಿಗೆ ಉಜ್ಜಿ ಉಜ್ಜಿ ತಿಂದುಹೋಗಿತ್ತು. ಸೀಲಿನ ದುಡ್ಡು, ಗ್ಯಾಸ್ಕೆಟ್ ದುಡ್ಡು, ಎರಡು ತಿಂಗಳ ಭಾನುವಾರಗಳು ಎಲ್ಲ ಹೋದವು. ಅಂದಿನಿಂದ ಯಾರು ಕೇಳಿದರೂ ಒಂದೇ ಮಾತು ಹೇಳುತ್ತೇನೆ. ಮೊದಲ ದುಡ್ಡು ಸೀಲ್ ಉಜ್ಜುವ ಮೈಗೆ, ಆಮೇಲಿನ ದುಡ್ಡು ಸೀಲಿಗೆ.

ಈಗ ನಿಮ್ಮ ಎಂಜಿನ್ನಿಗೆ ಬರೋಣ. ನೀವು ಬರೆದ ಲಕ್ಷಣಗಳೇ ಅರ್ಧ ಕಥೆ ಹೇಳುತ್ತಿವೆ. ಬಿಸಿಯಾದಾಗ ಸ್ಟಾರ್ಟ್ ಆಗದಿದ್ದರೆ ರೋಟರಿಯಲ್ಲಿ ಮೊದಲ ಅನುಮಾನ ಕಂಪ್ರೆಷನ್ ಮೇಲೆ. ಬಿಳಿ ಹೊಗೆ ಬಂದು ನೀರೂ ಕಡಿಮೆಯಾಗುತ್ತಿದೆ ಅಂದರೆ ಕೂಲಂಟ್ ಒಳಗೆ ಸೋರುತ್ತಿದೆ. ಹಾಗಾಗಿ ನೀವು ಹುಡುಕಬೇಕಾದ್ದು ಎರಡು ರೋಗ.

ಎರಡನೆಯದನ್ನೇ ಮೊದಲು ನೋಡಿ, ಏಕೆಂದರೆ ಎಫ್‌ಸಿಯಲ್ಲಿ ಇದಕ್ಕೆ ಒಂದು ಗೊತ್ತಾದ ಜಾಗ ಇದೆ. ರೋಟರ್ ಹೌಸಿಂಗ್‌ನ ಎರಡೂ ಕಡೆ ಎರಕದ ಕಬ್ಬಿಣದ ದಪ್ಪ ತಟ್ಟೆಗಳು ಕೂರುತ್ತವೆ. ಎರಡು ರೋಟರ್‌ಗೆ ಒಟ್ಟು ಮೂರು. ಕೆಲಸಗಾರರು ಇವನ್ನು 'ಐರನ್' ಅನ್ನುತ್ತಾರೆ. 1985ರವರೆಗಿನ 13ಬಿಯಲ್ಲಿ ನೀರಿನ ಸೀಲ್ ಕೂರುವ ತೋಡು (ಗ್ರೂವ್) ಹೌಸಿಂಗ್‌ನಲ್ಲಿತ್ತು. ಎಫ್‌ಸಿ ಬಂದಾಗ ಮಾಜ್ದಾದವರು ಅದನ್ನು ಐರನ್‌ಗೆ ತಂದರು. ಆ ತೋಡಿನ ಒಳಗೋಡೆ ತೆಳು. ಒಂದು ಕಡೆ ಉರಿ, ಇನ್ನೊಂದು ಕಡೆ ನೀರು. ಕೂಲಂಟ್ ಬದಲಿಸದೆ ವರ್ಷಗಟ್ಟಲೆ ಓಡಿಸಿದರೆ ಅಲ್ಲಿ ತುಕ್ಕು ತಿನ್ನುತ್ತದೆ, ಬಿರುಕು ಬಿಡುತ್ತದೆ. ಸ್ಪಾರ್ಕ್ ಪ್ಲಗ್ ಇರುವ ಬಿಸಿ ಬದಿಯಲ್ಲಿ ಟಾರ್ಚ್ ಹಿಡಿದು, ಭೂತಗನ್ನಡಿಯಿಂದ ಆ ಗೋಡೆಯನ್ನು ಪೂರ್ತಿ ನೋಡಿ. ಗೋಡೆಯ ಒಂದು ತುಂಡು ಹೋಗಿದ್ದರೆ ಯಾವ ಹೊಸ ಸೀಲ್ ಹಾಕಿದರೂ ನೀರು ನಿಲ್ಲುವುದಿಲ್ಲ. ಆ ಐರನ್ ಬದಲಾಗಲೇಬೇಕು. ಮೂವತ್ತು ವರ್ಷ ದಾಟಿದ ಎಂಜಿನ್ ಇದು, ಹಾಗಾಗಿ ಇದನ್ನು ನೋಡದೆ ಮುಂದೆ ಹೋಗಬೇಡಿ.

ಐರನ್ ಮೇಲೆ ಇನ್ನೆರಡು ಅಳತೆ ಇವೆ. ನೇರವಾದ ಉಕ್ಕಿನ ಪಟ್ಟಿ ಇಟ್ಟು ಫೀಲರ್ ಗೇಜ್‌ನಿಂದ ನೋಡಿದರೆ 0.04 ಮಿ.ಮೀ.ಗಿಂತ ಜಾಸ್ತಿ ವಕ್ರ ಇರಬಾರದು. ರೋಟರಿನ ಬದಿಯಲ್ಲಿರುವ ಸೈಡ್ ಸೀಲ್ ಓಡಿ ಓಡಿ ಮೆಟ್ಟಿಲಿನ ಹಾಗೆ ತಗ್ಗು ಬಿದ್ದಿರುತ್ತದೆ. ಅದನ್ನು ಡಯಲ್ ಗೇಜ್‌ನಿಂದ ಅಳೆಯಿರಿ, ಮಿತಿ 0.10 ಮಿ.ಮೀ. ಉಗುರಿನಿಂದ ಸವರಿದರೂ ತಗ್ಗು ಗೊತ್ತಾಗುತ್ತದೆ. ಆದರೆ ಉಗುರನ್ನು ನಂಬಿ ತೀರ್ಮಾನ ಮಾಡಬೇಡಿ. ಮಿತಿ ದಾಟಿದ್ದರೆ ಗ್ರೈಂಡ್ ಮಾಡಿಸುವವರಿದ್ದಾರೆ. ಕೇಳಬೇಕಾದ ಪ್ರಶ್ನೆ ಒಂದೇ: ಗ್ರೈಂಡ್ ಆದ ಮೇಲೆ ಮತ್ತೆ ನೈಟ್ರೈಡ್ ಮಾಡಿ ಕೊಡುತ್ತೀರಾ? ಕಾರ್ಖಾನೆಯಿಂದ ಬಂದಾಗ ಐರನ್ ಮೇಲ್ಮೈ ನೈಟ್ರೈಡ್ ಮಾಡಿ ಗಟ್ಟಿ ಮಾಡಿರುತ್ತಾರೆ. ಆ ಪದರ ತೆಳು. ಗ್ರೈಂಡ್ ಮಾಡಿ ಹಾಗೇ ಬಿಟ್ಟರೆ ಒಳಗಿನ ಮೆತ್ತನೆ ಕಬ್ಬಿಣದ ಮೇಲೆ ಸೀಲ್ ಓಡುತ್ತದೆ, ಬೇಗ ಸವೆಯುತ್ತದೆ. ಇದಕ್ಕೆ ಸರಿಯಾಗಿ ಉತ್ತರ ಕೊಡದ ಅಂಗಡಿಗೆ ಐರನ್ ಕೊಡಬೇಡಿ.

ಹೌಸಿಂಗ್‌ಗೆ ಬನ್ನಿ. 13ಬಿ ಹೌಸಿಂಗ್‌ನ ಅಗಲ 80 ಮಿ.ಮೀ. ಸುತ್ತಲೂ ನಾಲ್ಕು ಕಡೆ ಮೈಕ್ರೋಮೀಟರ್ ಇಟ್ಟು ಅಳೆಯಿರಿ. ಒಂದಕ್ಕೂ ಇನ್ನೊಂದಕ್ಕೂ 0.06 ಮಿ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅದು ಬಿಸಿಗೆ ಕುಗ್ಗಿದ ಹೌಸಿಂಗ್. ನಂತರ ಕ್ರೋಮ್ ನೋಡಿ. ಅಂಚಿನಲ್ಲಿ ಎದ್ದಿದೆಯಾ, ಪ್ಲಗ್ ತೂತಿನ ಸುತ್ತ ಬಿರುಕು ಇದೆಯಾ, ಒಳಮೈಯಲ್ಲಿ ಅಲೆ ಅಲೆಯಾಗಿ ಅಡ್ಡಗೆರೆ ಬಿದ್ದಿದೆಯಾ. ಆ ಅಡ್ಡಗೆರೆಯನ್ನು ಮಾಜ್ದಾದ ಎಂಜಿನಿಯರುಗಳು 1960ರ ದಶಕದಲ್ಲೇ 'ದೆವ್ವದ ಉಗುರಿನ ಗೀರು' ಎಂದು ಕರೆದಿದ್ದರು. ಕೆನಿಚಿ ಯಮಾಮೊಟೊ ಅವರ ತಂಡ ಅದನ್ನು ಗೆದ್ದ ಮೇಲೆಯೇ 1967ರಲ್ಲಿ ಕಾಸ್ಮೊ ಸ್ಪೋರ್ಟ್ ರಸ್ತೆಗೆ ಬಂದದ್ದು. ಅಂದರೆ ಈ ಎಂಜಿನ್ನಿನ ಚರಿತ್ರೆಯೇ ಸೀಲಿಗೂ ಹೌಸಿಂಗ್‌ಗೂ ಹೊಂದಾಣಿಕೆ ಮಾಡಿಸಿದ ಚರಿತ್ರೆ. ಮನೆಯಲ್ಲಿ ಕಟ್ಟುವಾಗಲೂ ಅದೇ ಕೆಲಸವನ್ನು ನಾವು ಸಣ್ಣದಾಗಿ ಮಾಡುತ್ತಿರುತ್ತೇವೆ.

ಹೌಸಿಂಗ್ ಕೆಟ್ಟಿದ್ದರೆ ಹೊಸದು ಕೊಳ್ಳಿ. ನಿಮ್ಮ ಖರ್ಚಿನಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ, ಗೊತ್ತು. ಎರಡು ಹೊಸ ಹೌಸಿಂಗ್‌ಗೆ ಈಗ ಆಗುವುದಿಲ್ಲ ಅಂದರೆ ಎಂಜಿನ್ನನ್ನು ಎಣ್ಣೆ ಸವರಿ ಪ್ಲಾಸ್ಟಿಕ್‌ನಲ್ಲಿ ಸುತ್ತಿಡಿ, ಆರು ತಿಂಗಳು ಕಾಯಿರಿ. ಸವೆದ ಹೌಸಿಂಗ್‌ಗೆ ಹೊಸ ಸೀಲ್ ಹಾಕುವುದಕ್ಕಿಂತ ಅದು ಎಷ್ಟೋ ಮೇಲು. ಹಳೆ ಹೌಸಿಂಗ್ ಕೊಳ್ಳುವುದಾದರೆ ಫೋಟೊ ನೋಡಿ ಕೊಳ್ಳಬೇಡಿ. ಫೋಟೊದಲ್ಲಿ ಎಲ್ಲ ಕ್ರೋಮೂ ಹೊಳೆಯುತ್ತದೆ. ನಾನೊಮ್ಮೆ 'ಕಡಿಮೆ ಓಡಿದ್ದು' ಎಂದು ಹೇಳಿದ ಒಬ್ಬ ವ್ಯಾಪಾರಿಯಿಂದ ಹಾಗೆ ತರಿಸಿದೆ. ಬಂದದ್ದನ್ನು ಅಳೆದರೆ ಅಗಲದಲ್ಲೇ ವ್ಯತ್ಯಾಸ ಮಿತಿ ದಾಟಿತ್ತು. ಮೈಕ್ರೋಮೀಟರ್ ಜೇಬಿನಲ್ಲಿಟ್ಟುಕೊಂಡು ಹೋಗಿ, ಅಳೆಯಲು ಬಿಡದವರ ಹತ್ತಿರ ಕೊಳ್ಳಬೇಡಿ.

ಹೊಂದಿಕೊಳ್ಳುತ್ತದಾ ಅನ್ನುವ ಪ್ರಶ್ನೆಯಲ್ಲಿ ಜನ ಜಾಸ್ತಿ ದುಡ್ಡು ಕಳೆದುಕೊಳ್ಳುತ್ತಾರೆ. '13ಬಿ' ಎಂಬ ಹೆಸರು 1970ರ ದಶಕದಿಂದ ಆರ್‌ಎಕ್ಸ್-8ರವರೆಗೆ ಬಂದಿದೆ. ಎಲ್ಲದರಲ್ಲೂ ಒಂದು ರೋಟರ್‌ಗೆ 654 ಸಿಸಿ, ಎರಡಕ್ಕೆ 1308 ಸಿಸಿ. ಹೆಸರು ಒಂದೇ ಅಂತ ಭಾಗ ಒಂದೇ ಅಲ್ಲ. 1985ರವರೆಗಿನ 13ಬಿಗೆ ಏಪೆಕ್ಸ್ ಸೀಲ್, ಅಂದರೆ ರೋಟರಿನ ಮೂಲೆಯ ತುದಿಗೆ ಕೂರುವ ಪಟ್ಟಿ, 3 ಮಿ.ಮೀ. ದಪ್ಪ. ನಿಮ್ಮದಕ್ಕೆ 2 ಮಿ.ಮೀ. ಆರ್‌ಎಕ್ಸ್-8ರ ರೆನೆಸಿಸ್ ಎಂಜಿನ್ನಿನ ಸೀಲೂ 2 ಮಿ.ಮೀ. ದಪ್ಪವೇ, ಆದರೆ ಎತ್ತರ ಕಡಿಮೆ. ಅದರ ಎಕ್ಸಾಸ್ಟ್ ಪೋರ್ಟ್ ಐರನ್‌ನಲ್ಲಿದೆ, ಹೌಸಿಂಗ್‌ನಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಆರ್‌ಎಕ್ಸ್-8 ಹೌಸಿಂಗ್ ಅಗ್ಗಕ್ಕೆ ಸಿಕ್ಕಿತು ಅಂತ ಕೊಂಡರೆ ನಿಮ್ಮ ಟರ್ಬೊಗೆ ಹೊಗೆ ಹೋಗುವ ದಾರಿಯೇ ಇರುವುದಿಲ್ಲ. 2023ರಲ್ಲಿ ಎಂಎಕ್ಸ್-30ರ ಜೊತೆ ಬಂದ ಹೊಸ 8ಸಿ ರೋಟರಿ ಬಗ್ಗೆಯೂ ಕೆಲವರು ಕೇಳುತ್ತಾರೆ. ಅದು 830 ಸಿಸಿಯ ಒಂದೇ ರೋಟರ್, ಸೀಲ್ 2.5 ಮಿ.ಮೀ. ನಮಗೆ ಅದರಿಂದ ಒಂದು ವಾಷರ್ ಕೂಡ ಸಿಗುವುದಿಲ್ಲ.

ಎಫ್‌ಸಿ ಒಳಗೇ ಎರಡು ಸರಣಿ ಇವೆ. 1986ರಿಂದ 88ರವರೆಗಿನದು ಸೀರೀಸ್ 4, 1989ರಿಂದ ಸೀರೀಸ್ 5. ಸೀರೀಸ್ 4 ಟರ್ಬೊ ರೋಟರ್‌ಗೆ ಕಂಪ್ರೆಷನ್ ಅನುಪಾತ 8.5, ಸೀರೀಸ್ 5ಕ್ಕೆ 9.0. ತೂಕವೂ ಬೇರೆ, ಸೀರೀಸ್ 5ರದು ಹಗುರ. ರೋಟರ್ ತೂಕಕ್ಕೆ ತಕ್ಕಂತೆ ಶಾಫ್ಟ್‌ನ ಮುಂದೆ ಹಿಂದೆ ಕೌಂಟರ್‌ವೇಟ್ ಇರುತ್ತದೆ. ರೋಟರ್ ಒಂದು ಸರಣಿಯದು, ಕೌಂಟರ್‌ವೇಟ್ ಇನ್ನೊಂದು ಸರಣಿಯದು ಆದರೆ ಎಂಜಿನ್ ನಡುಗುತ್ತದೆ, ಬೇರಿಂಗ್ ತಿನ್ನುತ್ತದೆ. ರೋಟರ್ ಮೇಲೆ ತೂಕದ ಗುಂಪು ತಿಳಿಸುವ ಅಕ್ಷರ ಒತ್ತಿರುತ್ತಾರೆ. ಒಂದು ರೋಟರ್ ಮಾತ್ರ ಬದಲಿಸುವುದಾದರೆ ಆ ಅಕ್ಷರ ನೋಡಿಯೇ ಕೊಳ್ಳಿ. ಇನ್ನೊಂದು ಮಾತು, ನಿಮ್ಮದು ಜಪಾನಿನಿಂದ ಬಂದ ಹಳೆ ಕಾರು. ಈ ಮೂವತ್ತು ವರ್ಷದಲ್ಲಿ ಯಾರೋ ಎಂಜಿನ್ ಬದಲಿಸಿರಬಹುದು. 1989ರ ಕಾರಿನಲ್ಲಿ ಸೀರೀಸ್ 4 ಎಂಜಿನ್ ಕೂತಿರುವುದನ್ನು ಕಂಡಿದ್ದೇನೆ. ಕಾರಿನ ವರ್ಷ ಬಿಡಿ, ಬೆಂಚಿನ ಮೇಲಿರುವ ರೋಟರ್ ಏನು ಹೇಳುತ್ತದೆ ನೋಡಿ.

ರೋಟರ್ ಸಾಮಾನ್ಯವಾಗಿ ಉಳಿಯುತ್ತದೆ. ಏಪೆಕ್ಸ್ ಸೀಲಿನ ತೋಡನ್ನು ಚೆನ್ನಾಗಿ ಶುಚಿ ಮಾಡಿ, ಒಂದು ಹೊಸ ಸೀಲ್ ಇಟ್ಟು ಸಂದು ಅಳೆಯಿರಿ. 0.15 ಮಿ.ಮೀ. ದಾಟಿದ್ದರೆ ಆ ರೋಟರ್ ಬೇಡ. ಇಂಗಾಲ ಕೆರೆಯಲು ಸ್ಕ್ರೂಡ್ರೈವರ್ ಹಿಡಿಯಬೇಡಿ, ತೋಡಿನ ಅಂಚು ಹಾಳಾಗುತ್ತದೆ. ಮುರಿದ ಹಳೆ ಏಪೆಕ್ಸ್ ಸೀಲಿನ ತುಂಡೇ ಇದಕ್ಕೆ ಒಳ್ಳೆಯ ಉಪಕರಣ.

ಸೀಲಿನ ಮಾತಿಗೆ ಬಂದೆವು. ಒಂದು ರೋಟರ್‌ಗೆ ಮೂರು ಏಪೆಕ್ಸ್ ಸೀಲ್, ಆರು ಸೈಡ್ ಸೀಲ್, ಆರು ಕಾರ್ನರ್ ಸೀಲ್, ನಾಲ್ಕು ಆಯಿಲ್ ಸೀಲ್. ನಿಮ್ಮ ಎಂಜಿನ್ನಿಗೆ ಇದರ ಎರಡರಷ್ಟು. ಪ್ರತಿಯೊಂದರ ಕೆಳಗೂ ಸ್ಪ್ರಿಂಗ್ ಇದೆ. ಸ್ಪ್ರಿಂಗ್ ಮತ್ತು ರಬ್ಬರ್ ಬಗ್ಗೆ ಅಳತೆಯೇ ಬೇಡ, ಎಲ್ಲ ಹೊಸದು. ಬಿಸಿಗೆ ಬೆಂದ ಸ್ಪ್ರಿಂಗ್ ಎಷ್ಟು ಚೆಂದ ಕಂಡರೂ ಸೊರಗಿರುತ್ತದೆ. ನೀರಿನ ಸೀಲ್, ಆಯಿಲ್ ಸೀಲಿನ ಓರಿಂಗ್, ಡವೆಲ್ ಪಿನ್ ಓರಿಂಗ್, ಮುಂದಿನ ಕವರ್ ಹಿಂದಿನ ಸಣ್ಣ ಓರಿಂಗ್ ಇವೆಲ್ಲ ಹೊಸದೇ ಆಗಬೇಕು. ಆ ಕವರ್ ಓರಿಂಗ್ ಬೆರಳಿನ ಉಂಗುರದಷ್ಟಿದೆ, ಆದರೆ ಅದು ಹರಿದರೆ ಆಯಿಲ್ ಪ್ರೆಶರ್ ಬೀಳುತ್ತದೆ. ಕಿಟ್ ಕೊಂಡರೂ ಅದು ಒಳಗಿದೆಯಾ ಎಂದು ಎಣಿಸಿ ನೋಡಿ. ರೋಟರುಗಳು ಕೂರುವ ಎಕ್ಸೆಂಟ್ರಿಕ್ ಶಾಫ್ಟ್‌ನ ಮುಂತುದಿಯಲ್ಲಿ ಥರ್ಮಲ್ ಪೆಲೆಟ್ ಎಂಬ ಇನ್ನೊಂದು ಸಣ್ಣ ಭಾಗ ಇದೆ. ಎಣ್ಣೆ ಬಿಸಿಯಾದ ಮೇಲೆ ಅದು ಬೈಪಾಸ್ ಮುಚ್ಚಬೇಕು, ಆಗಲೇ ರೋಟರ್ ಒಳಗೆ ಎಣ್ಣೆ ಚಿಮ್ಮುವುದು. ಅದು ಕೆಟ್ಟರೆ ರೋಟರ್ ತಣ್ಣಗಾಗುವುದಿಲ್ಲ. ಅದರ ಜಾಗಕ್ಕೆ ಅಲುಗಾಡದ ಗಟ್ಟಿ ಪೆಲೆಟ್ ಸಿಗುತ್ತದೆ. ಬೆಲೆ ಕಡಿಮೆ, ಹಾಕಿಬಿಡಿ.

ಲೋಹದ ಆಯಿಲ್ ಸೀಲ್ ಉಂಗುರಗಳನ್ನು ಮಾತ್ರ ಅಳೆದು ಉಳಿಸಬಹುದು. ತುಟಿಯ ಅಗಲ 0.5 ಮಿ.ಮೀ. ಒಳಗಿದ್ದರೆ ಮತ್ತೆ ಬಳಸಬಹುದು. ಹಳೆ ಏಪೆಕ್ಸ್ ಸೀಲಿನ ಎತ್ತರವನ್ನೂ ಅಳೆಯಿರಿ. ಹೊಸದರಲ್ಲಿ 8 ಮಿ.ಮೀ., 6.5ಕ್ಕೆ ಇಳಿದರೆ ಮುಗಿಯಿತು. ಹೇಗೂ ಹೊಸದು ಹಾಕುತ್ತೀರಿ, ಮತ್ತೆ ಅಳೆಯುವುದು ಯಾಕೆ ಅನ್ನಬಹುದು. ಯಾವ ರೋಟರಿನ ಯಾವ ಮೂಲೆ ಜಾಸ್ತಿ ಸವೆದಿದೆ ಎಂದು ಗೊತ್ತಾದರೆ ಹೌಸಿಂಗ್‌ನಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕುವುದು ಸುಲಭ, ಅದಕ್ಕೆ.

ಕಂಪನಿ ಸೀಲಾ, ಸ್ಟೀಲ್ ಸೀಲಾ? ಕಾರನ್ನು ರಸ್ತೆಯಲ್ಲಿ, ಕಾರ್ಖಾನೆ ಕೊಟ್ಟ ಬೂಸ್ಟ್‌ನ (ಟರ್ಬೊ ತಳ್ಳುವ ಗಾಳಿಯ ಒತ್ತಡದ) ಆಸುಪಾಸಿನಲ್ಲಿ ಓಡಿಸುವವರಿಗೆ ನನ್ನ ಉತ್ತರ ಮಾಜ್ದಾ ಸೀಲ್. ಅದು ಎರಕದ ಕಬ್ಬಿಣ, ತುದಿಯನ್ನು ಎಲೆಕ್ಟ್ರಾನ್ ಬೀಮ್‌ನಿಂದ ಗಟ್ಟಿ ಮಾಡಿರುತ್ತಾರೆ. ಆ ಕ್ರೋಮ್‌ಗೆಂದೇ ಮಾಡಿದ ಜೋಡಿ ಅದು, ಹೌಸಿಂಗ್ ಬಹಳ ಕಾಲ ಬಾಳುತ್ತದೆ. ದೋಷ ಅಂದರೆ ನಾಕಿಂಗ್ ಆದರೆ, ಅಂದರೆ ಇಂಧನ ಸರಿಯಾಗಿ ಉರಿಯದೆ ಸಿಡಿದರೆ, ಬಳೆಯ ಹಾಗೆ ಒಡೆಯುತ್ತದೆ. ಒಡೆದ ಚೂರು ಹೌಸಿಂಗ್ ಗೀರಿ, ಎಕ್ಸಾಸ್ಟ್‌ನಿಂದ ಹೊರಟು ಟರ್ಬೊದ ರೆಕ್ಕೆಯನ್ನೂ ಹೊಡೆಯುತ್ತದೆ. ಸ್ಟೀಲ್ ಸೀಲ್ ಒಡೆಯುವ ಬದಲು ಬಾಗುತ್ತದೆ. ಅದಕ್ಕೇ ಜಾಸ್ತಿ ಬೂಸ್ಟ್ ಹಾಕುವವರು ಅದನ್ನು ಹಾಕುತ್ತಾರೆ. ಅದಕ್ಕೆ ಎಣ್ಣೆ ಜಾಸ್ತಿ ಬೇಕು, ಪೆಟ್ರೋಲ್ ಜೊತೆ ಟೂ-ಸ್ಟ್ರೋಕ್ ಆಯಿಲ್ ಬೆರೆಸಬೇಕಾಗುತ್ತದೆ, ಹೌಸಿಂಗ್ ಸವೆತವೂ ಜಾಸ್ತಿ. ಸೆರಾಮಿಕ್ ಸೀಲ್ ಹಗುರ, ಹೌಸಿಂಗ್‌ಗೆ ಮೃದು. 1991ರಲ್ಲಿ ಲ ಮಾನ್ ಗೆದ್ದ ಮಾಜ್ದಾ 787ಬಿಯ ನಾಲ್ಕು ರೋಟರಿನ ಎಂಜಿನ್ನಿನಲ್ಲಿ ಇದ್ದದ್ದು ಸೆರಾಮಿಕ್ಕೇ. ಬೆಲೆ ಮಾತ್ರ ಮನೆಯಲ್ಲಿ ಕಟ್ಟುವವರ ಅಳವಿನದಲ್ಲ. ಇಂಗಾಲದ ಸೀಲ್ ರೇಸಿಗೆ, ರಸ್ತೆಗೆ ಬೇಡ.

ಹೊರಗಿನ ಸೀಲ್ ಎಲ್ಲ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿರುವ ಆಟ್ಕಿನ್ಸ್ ರೋಟರಿ, ಕ್ಯಾಲಿಫೋರ್ನಿಯಾದ ರೇಸಿಂಗ್ ಬೀಟ್ ಇಂಥವರು ದಶಕಗಳಿಂದ ಇದೇ ಕೆಲಸ ಮಾಡಿಕೊಂಡು ಬಂದವರು. ಯಾವ ಲೋಹ, ಯಾವ ಹೌಸಿಂಗ್‌ಗೆ, ಎಷ್ಟು ಸಂದು ಬಿಡಬೇಕು ಎಂದು ಕೇಳಿದರೆ ಹೇಳಬಲ್ಲವರ ಹತ್ತಿರ ಕೊಳ್ಳಿ. ಹೆಸರೇ ಇಲ್ಲದ, ಲೋಹ ಯಾವುದೆಂದೂ ಬರೆಯದ ಅಗ್ಗದ ಕಿಟ್‌ಗಳಿಂದ ದೂರ ಇರಿ. ಮಾಜ್ದಾ ಪೊಟ್ಟಣದ ಹಾಗೇ ಕಾಣುವ ನಕಲಿ ಪೊಟ್ಟಣದಲ್ಲಿ ಬರುವ ಸೀಲುಗಳೂ ಇವೆ. ಯಾರಿಂದ ಬಂದರೂ ಸೀಲ್ ಕೈಗೆ ಸಿಕ್ಕ ದಿನವೇ ಪರೀಕ್ಷೆ ಮಾಡಿ. ದಪ್ಪವನ್ನು ಮೂರು ಕಡೆ ಅಳೆಯಿರಿ. ದಪ್ಪ ಗಾಜಿನ ಮೇಲೆ ಮಲಗಿಸಿ ಹಿಂದಿನಿಂದ ಬೆಳಕು ಬಿಡಿ, ಬೆಳಕು ತೂರಿ ಬಂದರೆ ಬಾಗಿದೆ ಎಂದರ್ಥ. ಆರೂ ಸೀಲನ್ನು ಒಂದೇ ಸಾಲಲ್ಲಿ ಇಟ್ಟು ಬೆರಳಾಡಿಸಿ ನೋಡಿ. ಜೋಡಿಸುವ ದಿನ ಪೊಟ್ಟಣ ಒಡೆದರೆ ವಾಪಸ್ ಕಳಿಸುವ ಅವಧಿ ಮುಗಿದಿರುತ್ತದೆ.

ಎಲ್ಲಿಂದ ತರಿಸುವುದು? ನಿಮಗೆ ಹತ್ತಿರದ ದಾರಿ ಮೆಲ್ಬರ್ನ್‌ನ ಮಾಜ್ದಾ ಡೀಲರ್‌ನ ಪಾರ್ಟ್ಸ್ ಕೌಂಟರ್. ಆದರೆ ಜಪಾನ್ ಮಾರುಕಟ್ಟೆಯ ಚಾಸಿ ನಂಬರ್ ಅವರ ಕ್ಯಾಟಲಾಗ್‌ನಲ್ಲಿ ಬರದೇ ಇರಬಹುದು. ಸುಮ್ನೆ '1989ರ ಆರ್‌ಎಕ್ಸ್-7 ಏಪೆಕ್ಸ್ ಸೀಲ್ ಕೊಡಿ' ಎಂದರೆ ಅವರಿಗೂ ಕಷ್ಟ, ತಪ್ಪು ಭಾಗ ಬಂದರೆ ನಿಮಗೂ ಕಷ್ಟ. ಪಾರ್ಟ್ ನಂಬರ್ ಬರೆದುಕೊಂಡು ಹೋಗಿ. ಮಾಜ್ದಾ ನಂಬರಿನ ಕೊನೆಯಲ್ಲಿ ಎ, ಬಿ, ಸಿ ಎಂದು ಬರುವ ಅಕ್ಷರ ಆ ಭಾಗ ಎಷ್ಟನೇ ಸಲ ತಿದ್ದುಪಡಿ ಆಗಿದೆ ಎಂದು ಹೇಳುತ್ತದೆ. ನೀವು ಕೇಳಿದ್ದಕ್ಕಿಂತ ಮುಂದಿನ ಅಕ್ಷರದ್ದು ಬಂದರೆ ಗಾಬರಿ ಬೇಡ, ಸಾಮಾನ್ಯವಾಗಿ ಅದು ಸುಧಾರಿಸಿದ ಭಾಗ. ಮೊದಲ ನಾಲ್ಕು ಅಕ್ಷರವೇ ಬೇರೆ ಇದ್ದರೆ ನಿಲ್ಲಿಸಿ ವಿಚಾರಿಸಿ. ಡೀಲರ್ ಇಲ್ಲ ಎಂದರೆ ಅಮಯಾಮದಂಥ ಜಪಾನಿನಿಂದ ಅಸಲಿ ಭಾಗ ಕಳಿಸುವ ಮಾರಾಟಗಾರರಿದ್ದಾರೆ. ಸಣ್ಣ ಭಾಗಕ್ಕೆ ಅದು ಚೆನ್ನಾಗಿ ನಡೆಯುತ್ತದೆ. ಹೌಸಿಂಗ್, ಐರನ್ ತರಿಸುವಾಗ ಸಾಗಣೆ ಖರ್ಚು ಮೊದಲೇ ಕೇಳಿ, ಎರಕದ ಕಬ್ಬಿಣಕ್ಕೆ ವಿಮಾನದ ಬಾಡಿಗೆ ಕೊಡುವುದು ಕಷ್ಟ. ಪೆಟ್ಟಿಗೆಯ ಬೆಲೆ 1,000 ಆಸ್ಟ್ರೇಲಿಯನ್ ಡಾಲರ್ ದಾಟಿದರೆ ಕಸ್ಟಮ್ಸ್‌ಗೆ ಘೋಷಣೆ ಕೊಡಬೇಕು, ಅದರ ಮೇಲೆ ಶೇ. 10 ಜಿಎಸ್‌ಟಿ ಇದೆ. ಅದನ್ನೂ ಲೆಕ್ಕದಲ್ಲಿ ಸೇರಿಸಿ.

ನಿಮ್ಮ ಅದೃಷ್ಟ, ಎಫ್‌ಸಿ ಮತ್ತು ಅದರ ನಂತರದ ಎಫ್‌ಡಿಯ ಕೆಲವು ಭಾಗಗಳನ್ನು ಮತ್ತೆ ತಯಾರಿಸುವುದಾಗಿ ಮಾಜ್ದಾ 2020ರ ಕೊನೆಯಲ್ಲಿ ಹೇಳಿತು. ಹಳೆ 12ಎ ಎಂಜಿನ್ ಇಟ್ಟುಕೊಂಡವರಿಗೆ ಹೊಸ ಹೌಸಿಂಗ್ ಕಾರ್ಖಾನೆಯಿಂದ ಬರುವುದು ನಿಂತು ಎಷ್ಟೋ ವರ್ಷ ಆಯಿತು. ಹಾಗಾಗಿ ಬೇಕೆಂದು ತೀರ್ಮಾನಿಸಿದ ಭಾಗ ಸ್ಟಾಕ್‌ನಲ್ಲಿ ಕಂಡರೆ ತಡ ಮಾಡಬೇಡಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ರೋಟರಿ ಕಟ್ಟುವವರು ತುಂಬಾ ಇದ್ದಾರೆ. ನಿಮ್ಮ ಊರಲ್ಲೇ ಒಬ್ಬ ರೋಟರಿ ಕೆಲಸಗಾರರನ್ನು ಹುಡುಕಿ ಪರಿಚಯ ಮಾಡಿಕೊಳ್ಳಿ. ಸೀಲಿನ ತೋಡು ಅಳೆಯುವ ಗೇಜ್, ಬೇರಿಂಗ್ ಒತ್ತುವ ಉಪಕರಣ ಅವರ ಹತ್ತಿರ ಇರುತ್ತವೆ. ಅಳತೆಗೆ ಸ್ವಲ್ಪ ದುಡ್ಡು ಕೊಟ್ಟರೂ ಅದು ಉಳಿತಾಯವೇ.

ಈಗ ಪೀಣ್ಯ. ನಾನೂ ಅಲ್ಲೇ ಲೇತ್ ಹಿಡಿದು ಕಲಿತವನು, ಆ ಕೈಗಳ ಮೇಲೆ ನನಗೆ ನಂಬಿಕೆ ಇದೆ. ನಿಮ್ಮ ಭಾವನವರಿಂದ ಉಪಕರಣಗಳನ್ನು ಮಾಡಿಸಿ. ಫ್ಲೈವೀಲ್ ತಿರುಗದಂತೆ ಹಿಡಿಯುವ ಪಟ್ಟಿ, ಎಂಜಿನ್ ಸ್ಟ್ಯಾಂಡ್‌ಗೆ ಅಡಾಪ್ಟರ್, ಬೇರಿಂಗ್ ಒತ್ತುವ ಮೆಟ್ಟಿಲು ಇರುವ ಮ್ಯಾಂಡ್ರಲ್. ಫ್ಲೈವೀಲ್ ನಟ್ 54 ಮಿ.ಮೀ., ಅದರ ಸಾಕೆಟ್ ಮಾತ್ರ ಅಂಗಡಿಯಲ್ಲೇ ಕೊಳ್ಳಿ. ಇವನ್ನೆಲ್ಲ ಡ್ರಾಯಿಂಗ್ ಕೊಟ್ಟರೆ ಒಂದೇ ದಿನದಲ್ಲಿ ಮಾಡಿಕೊಡುತ್ತಾರೆ. ಸೀಲ್ ಮಾಡಿಸಬೇಡಿ. ಅಳತೆಗೆ ಕತ್ತರಿಸುವುದು ಅವರಿಗೆ ಏನೇನೂ ಕಷ್ಟವಲ್ಲ, ಕಷ್ಟ ಇರುವುದು ಲೋಹದಲ್ಲಿ. ಆ ಕ್ರೋಮ್ ಮೇಲೆ ನಿಮಿಷಕ್ಕೆ ಸಾವಿರಾರು ಸುತ್ತಿನಲ್ಲಿ, ಆ ಬಿಸಿಯಲ್ಲಿ ಯಾವ ಲೋಹ ಉಜ್ಜಿಕೊಂಡು ಬಾಳುತ್ತದೆ ಎಂದು ಕಂಡುಕೊಳ್ಳಲು ವರ್ಷಗಳ ಪರೀಕ್ಷೆ ಬೇಕು.

ನಮ್ಮ ಕಡೆ ಆ ಪರೀಕ್ಷೆ ನಡೆದೇ ಇಲ್ಲ ಅಂತಲ್ಲ. ಸರ್ಕಾರಿ ಸಂಶೋಧನಾ ಸಂಸ್ಥೆಗಳಾದ ಬೆಂಗಳೂರಿನ ಎನ್‌ಎಎಲ್ ಮತ್ತು ಎಡಿಇ, ಅಹಮದ್‌ನಗರದ ವಿಆರ್‌ಡಿಇ ಸೇರಿ ನಿಶಾಂತ್ ಎಂಬ ಚಾಲಕರಹಿತ ವಿಮಾನಕ್ಕೆ ವ್ಯಾಂಕೆಲ್ (ಅಂದರೆ ರೋಟರಿ) ಎಂಜಿನ್ ಮಾಡಿದರು. 2009ರ ಏಪ್ರಿಲ್ 5ರಂದು ಅದು ಕೋಲಾರದ ಹತ್ತಿರ ಹಾರಿತು. ಈ ಎಂಜಿನ್ ಬಗ್ಗೆ ಮಾತು ಬಂದಾಗಲೆಲ್ಲ ನನಗೆ ಅದು ನೆನಪಾಗುತ್ತದೆ, ಹೆಮ್ಮೆಯಾಗುತ್ತದೆ. ಅದಕ್ಕೆ ಮೂರು ದೊಡ್ಡ ಸಂಸ್ಥೆಗಳು ಕೂಡಬೇಕಾಯಿತು ಎಂಬುದನ್ನೂ ನಿಮ್ಮ ಭಾವನವರಿಗೆ ಹೇಳಿ.

ಕೊಳ್ಳುವ ಕ್ರಮ ಹೀಗಿರಲಿ. ಮೊದಲು ಐರನ್, ಹೌಸಿಂಗ್, ರೋಟರ್ ಮೂರೂ ತೀರ್ಮಾನ ಆಗಲಿ. ಅವು ಕೈಗೆ ಬಂದು, ಮತ್ತೆ ಅಳೆದ ಮೇಲೆ ಸೀಲ್, ಸ್ಪ್ರಿಂಗ್, ಬೇರಿಂಗ್, ರಬ್ಬರ್ ಆರ್ಡರ್ ಮಾಡಿ. ಸೈಡ್ ಸೀಲ್ ಹನ್ನೆರಡಕ್ಕೆ ಬದಲು ಒಂದೆರಡು ಜಾಸ್ತಿ ತರಿಸಿ. ಅದನ್ನು ನೀವೇ ಉಜ್ಜಿ ಉದ್ದ ಸರಿ ಮಾಡಬೇಕು. ಕಾರ್ನರ್ ಸೀಲಿಗೂ ಅದಕ್ಕೂ ನಡುವೆ 0.05ರಿಂದ 0.15 ಮಿ.ಮೀ. ಸಂದು ಉಳಿಯಬೇಕು. ಒಂದು ಉಜ್ಜು ಜಾಸ್ತಿಯಾದರೆ ಆ ಸೀಲ್ ಹೋಯಿತು. ಮೊದಲ ಸಲ ಮಾಡುವವರು ಒಂದಾದರೂ ಕೆಡಿಸುತ್ತಾರೆ. ಒಂದು ಸೀಲಿಗೋಸ್ಕರ ಮೂರು ವಾರ ಕಾಯುವ ಹಾಗಾಗಬಾರದು, ಅಲ್ವಾ? ಎಂಡ್ ಪ್ಲೇ ಸ್ಪೇಸರ್ ಮಾತ್ರ ಮೊದಲೇ ಕೊಳ್ಳಬೇಡಿ. ಎಂಜಿನ್ ಜೋಡಿಸಿ ಬಿಗಿದ ಮೇಲೆ ಶಾಫ್ಟ್ ಹಿಂದೆ ಮುಂದೆ ಎಷ್ಟು ಆಡುತ್ತದೆ ಎಂದು ಡಯಲ್ ಗೇಜ್‌ನಿಂದ ನೋಡಬೇಕು. 0.04ರಿಂದ 0.07 ಮಿ.ಮೀ. ಒಳಗಿದ್ದರೆ ಹಳೆಯದೇ ಸಾಕು. ಇಲ್ಲದಿದ್ದರೆ ಹಳೆ ಸ್ಪೇಸರ್ ಮೇಲಿನ ಅಕ್ಷರ ಓದಿ, ಒಂದು ಹೆಜ್ಜೆ ದಪ್ಪದ್ದೋ ತೆಳ್ಳನೆಯದೋ ತರಿಸಿ.

ಎರಡು ಹೌಸಿಂಗ್‌ನ ನಾಲ್ಕು ಕಡೆಯ ಅಗಲ, ಮೂರು ಐರನ್‌ನ ವಕ್ರ ಮತ್ತು ತಗ್ಗು, ಆ ನೀರಿನ ಸೀಲಿನ ತೋಡಿನ ಗೋಡೆಯ ಹತ್ತಿರದ ಫೋಟೊ, ರೋಟರ್ ಮೇಲಿನ ಅಕ್ಷರ. ಇಷ್ಟನ್ನು ಬರೆದು ಕಳಿಸಿ. ಯಾವುದನ್ನು ಉಳಿಸಬಹುದು, ಯಾವುದಕ್ಕೆ ದುಡ್ಡು ಹಾಕಬೇಕು ಎಂದು ಒಂದೊಂದಾಗಿ ಹೇಳುತ್ತೇನೆ. ಟರ್ಬೊವನ್ನೂ ಬಿಚ್ಚಿ ರೆಕ್ಕೆಯ ತುದಿ ನೋಡಿ. ಅಲ್ಲಿ ಪೆಟ್ಟಿನ ಗುರುತು ಇದ್ದರೆ ಹಿಂದೊಮ್ಮೆ ಸೀಲ್ ಒಡೆದಿತ್ತು ಎಂದರ್ಥ. ಹಾಗಿದ್ದರೆ ಹೌಸಿಂಗ್‌ಗಳನ್ನು ಇನ್ನೊಮ್ಮೆ, ಬಿಸಿಲಿಗೆ ತಂದು ನೋಡಿ.